ಹೂವು ಬಿಡಿಸಿದವರು ಯಾರು, ದುಡ್ಡು ಕೊಟ್ಟವರು ಯಾರು?

ಒಂದು ವರ್ಷದಲ್ಲಿ ಸಾವಿರ ಗಿಡಗಳ ಚಿತ್ರ ಬಿಡಿಸಿ, ಬಣ್ಣ ತುಂಬಿ ಕೊಡಬೇಕು. ಭಾನುವಾರ, ಹಬ್ಬ ಯಾವುದನ್ನೂ ಬಿಡದೆ ಕೂತರೂ ದಿನಕ್ಕೆ ಎರಡೂಮುಕ್ಕಾಲು ಚಿತ್ರ. ಇಂಥ ಕಾಂಟ್ರ್ಯಾಕ್ಟ್ ನಿಮ್ಮ ಮುಂದೆ ಬಂದರೆ ಏನ್ಮಾಡ್ತೀರಿ? ಕೈಯಲ್ಲಿ ಕೆಲಸ ಇಲ್ಲದಿದ್ದರೆ ಬಹುಶಃ ಒಪ್ಕೊತೀರಿ. ಸುಮಾರು ಮುನ್ನೂರು ವರ್ಷಗಳ ಹಿಂದೆ ಜರ್ಮನಿಯ ಒಬ್ಬ ಹುಡುಗನೂ ಒಪ್ಪಿಕೊಂಡ.

ಹುಡುಗನ ಹೆಸರು ಗೆಯಾರ್ಗ್ ಡಿಯೋನಿಸಿಯಸ್ ಎಹ್ರೆಟ್. ಹುಟ್ಟಿದ್ದು 1708ರಲ್ಲಿ, ಹೈಡೆಲ್‌ಬರ್ಗ್ ಊರಿನಲ್ಲಿ. ಅಪ್ಪ ತೋಟದ ಮಾಲಿ, ಇವನು ಕಲಿತದ್ದೂ ಅದೇ ಕೆಲಸ. ಚಿತ್ರ ಬಿಡಿಸುವುದು ಮೊದಲು ಬಿಡುವಿನ ಹವ್ಯಾಸ, ಆಮೇಲೆ ಹೊಟ್ಟೆಪಾಡು. ರೆಗೆನ್ಸ್‌ಬರ್ಗ್‌ನ ಔಷಧ ವ್ಯಾಪಾರಿ ಯೋಹಾನ್ ವಿಲ್‌ಹೆಲ್ಮ್ ವೈನ್‌ಮನ್‌ಗೆ ಸಾವಿರಾರು ಗಿಡಗಳ ಚಿತ್ರವಿರುವ ದೊಡ್ಡ ಪುಸ್ತಕ ತರುವ ಆಸೆ. ಅದಕ್ಕೆ ಎಹ್ರೆಟ್‌ನನ್ನು ಕೆಲಸಕ್ಕೆ ಇಟ್ಟುಕೊಂಡ. ವರ್ಷ ಮುಗಿಯುವ ಹೊತ್ತಿಗೆ ಐನೂರು ಚಿತ್ರ ತಯಾರಾಗಿದ್ದವು. 'ಹೇಳಿದ್ದು ಸಾವಿರ, ಕೊಟ್ಟದ್ದು ಅರ್ಧ' ಅನ್ನುವ ಲೆಕ್ಕ ಹಾಕಿ ವೈನ್‌ಮನ್ ಒಪ್ಪಿದ ಹಣ ಪೂರ್ತಿ ಕೊಡಲಿಲ್ಲ. ಎಹ್ರೆಟ್ ಅಲ್ಲಿಂದ ಹೊರಟ. ವೈನ್‌ಮನ್‌ನ ಪುಸ್ತಕ 1737ರಿಂದ 1745ರವರೆಗೆ ಕಂತು ಕಂತಾಗಿ ಹೊರಬಂದು ದೊಡ್ಡ ಹೆಸರು ಮಾಡಿತು.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಕಲಾ ಇತಿಹಾಸ ಓದಿದವನಲ್ಲ. ಆದರೆ ಹಳೆಯ ಸಸ್ಯಚಿತ್ರಗಳನ್ನು ನೋಡುತ್ತಾ ಹೋದ ಹಾಗೆ, ಚಿತ್ರದ ಹಿಂದಿರುವ ಕಥೆ ನಮ್ಮ ಆಫೀಸುಗಳ ಕಥೆಯಂತೆಯೇ ಕಾಣತೊಡಗಿತು. ಡೆಡ್‌ಲೈನ್, ಕ್ಲೈಂಟ್, ಕ್ರೆಡಿಟ್, ಬಾಕಿ ಬಿಲ್ಲು ಎಲ್ಲವೂ ಅಲ್ಲಿವೆ.

ಹೂವು ವಾರಕ್ಕೆ, ಚಿತ್ರ ಶತಮಾನಕ್ಕೆ

ಮೊದಲು ಒಂದು ಪ್ರಶ್ನೆ. ಗಿಡದ ಚಿತ್ರಕ್ಕೆ ಇಷ್ಟು ಬೇಡಿಕೆ ಯಾಕಿತ್ತು?

ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಅಮೆರಿಕ, ಆಫ್ರಿಕ, ಏಷ್ಯಾಗಳಿಂದ ಹಡಗುಗಳಲ್ಲಿ ಬೀಜ, ಗೆಡ್ಡೆ, ಸಸಿಗಳು ಯುರೋಪಿಗೆ ಬಂದು ಬೀಳುತ್ತಿದ್ದವು. ಅಪರೂಪದ ಗಿಡ ಬೆಳೆಸುವುದು ಶ್ರೀಮಂತರ ಪ್ರತಿಷ್ಠೆಯಾಗಿತ್ತು. ವೈದ್ಯರಿಗೆ ಮತ್ತು ಔಷಧ ವ್ಯಾಪಾರಿಗಳಿಗೆ ಅದು ಕಸುಬಿನ ವಿಷಯ. ತಪ್ಪು ಬೇರು ಅರೆದು ಕೊಟ್ಟರೆ ರೋಗಿಯ ಜೀವವೇ ಹೋಗುತ್ತದೆ. ಗಿಡವನ್ನು ಒತ್ತಿ ಒಣಗಿಸಿ ಇಡಬಹುದು ನಿಜ, ಆದರೆ ಒಣಗಿದ ಮೇಲೆ ಬಣ್ಣವೂ ಇರಲ್ಲ, ಆಕಾರವೂ ಇರಲ್ಲ. ಕ್ಯಾಮೆರಾ ಬರಲು ಇನ್ನೂ ನೂರು ವರ್ಷ ಬೇಕಿತ್ತು. ಹಾಗಾಗಿ ಜಲವರ್ಣದ ಚಿತ್ರವೇ ದಾಖಲೆ.

ಈ ಖಯಾಲಿಗೆ ಎಷ್ಟು ಖರ್ಚಾಗುತ್ತಿತ್ತು ಅನ್ನೋದಕ್ಕೆ ಒಂದು ಉದಾಹರಣೆ. ಜರ್ಮನಿಯ ಐಶ್‌ಟೆಟ್ ಎಂಬಲ್ಲಿ ಯೋಹಾನ್ ಕೊನ್ರಾಡ್ ಫಾನ್ ಗೆಮ್ಮಿಂಗನ್ ಎಂಬ ಬಿಷಪ್ ಇದ್ದ. ಬಿಷಪ್ ಅಂದರೂ ಆ ಸೀಮೆಗೆ ಅವನೇ ದೊರೆ. ತನ್ನ ತೋಟದ ಗಿಡಗಳನ್ನೆಲ್ಲ ಪುಸ್ತಕ ಮಾಡಿಸುವ ಆಸೆಯಿಂದ ನ್ಯೂರೆಂಬರ್ಗ್‌ನ ಔಷಧ ವ್ಯಾಪಾರಿ ಬೆಸಿಲಿಯಸ್ ಬೆಸ್ಲರ್‌ಗೆ ಕೆಲಸ ವಹಿಸಿದ. 'ಹಾರ್ಟಸ್ ಐಸ್ಟೆಟೆನ್ಸಿಸ್' ಎಂಬ ಆ ಪುಸ್ತಕ ಬಂದದ್ದು 1613ರಲ್ಲಿ. 367 ಚಿತ್ರಪುಟ, ಸಾವಿರಕ್ಕೂ ಹೆಚ್ಚು ಗಿಡ. ಬಣ್ಣವಿಲ್ಲದ ಪ್ರತಿಗೆ 35 ಫ್ಲೋರಿನ್, ಕೈಯಲ್ಲಿ ಬಣ್ಣ ತುಂಬಿದ ಪ್ರತಿಗೆ 500 ಫ್ಲೋರಿನ್. ಅಂದರೆ ಬಣ್ಣ ಬಂದ ಕೂಡಲೇ ಬೆಲೆ ಹದಿನಾಲ್ಕು ಪಟ್ಟು! ದುರದೃಷ್ಟ ಅಂದರೆ ಬಿಷಪ್ 1612ರಲ್ಲೇ ತೀರಿಕೊಂಡ, ತನ್ನ ಪುಸ್ತಕ ನೋಡಲಿಲ್ಲ. 1634ರಲ್ಲಿ ಯುದ್ಧದಲ್ಲಿ ತೋಟವೂ ಹಾಳಾಯಿತು. ಪುಸ್ತಕ ಉಳಿಯಿತು.

ಬಣ್ಣಕ್ಕೆ ಯಾಕೆ ಅಷ್ಟು ಬೆಲೆ?

ಕಲಾವಿದ ಮೊದಲು ಗಿಡವನ್ನು ಎದುರಿಗಿಟ್ಟುಕೊಂಡು ಕಾಗದದ ಮೇಲೋ, ಕರುವಿನ ಚರ್ಮದಿಂದ ತಯಾರಿಸಿದ ನುಣುಪು ಹಾಳೆಯ ಮೇಲೋ ಚಿತ್ರ ಬರೆಯುತ್ತಿದ್ದ. ಬಣ್ಣದ ಪುಡಿಯನ್ನು ಗೋಂದಿನ ನೀರಿನಲ್ಲಿ ಅರೆದು ಮಾಡಿದ ಜಲವರ್ಣ ಅದು. ತೆಳುವಾದ ಪದರದ ಮೇಲೆ ಪದರ ಹಚ್ಚಬೇಕು. ಎಣ್ಣೆ ಬಣ್ಣದ ಹಾಗೆ ಮುಚ್ಚಿ ಮತ್ತೆ ಬರೆಯುವುದು ಸುಲಭವಲ್ಲ. ಹೂವು ಬಾಡುವುದರೊಳಗೆ ಎಲ್ಲ ಮುಗಿಯಬೇಕು.

ಇದು ಒಂದೇ ಪ್ರತಿ. ಪುಸ್ತಕ ಆಗಬೇಕಾದರೆ ಕೆತ್ತನೆಗಾರ ಅದನ್ನು ತಾಮ್ರದ ತಗಡಿನ ಮೇಲೆ ಉಳಿಯಿಂದ ಗೀರಿ ಕೆತ್ತಬೇಕು, ಅದೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ. ಗೀರುಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದ ಇಟ್ಟು, ಭಾರದ ಉರುಳೆಯಲ್ಲಿ ಒತ್ತಿದರೆ ಕಪ್ಪು ಬಿಳುಪು ಅಚ್ಚು ಸಿಗುತ್ತದೆ. ಆಮೇಲೆ ಒಂದೊಂದು ಹಾಳೆಗೂ ಕೈಯಲ್ಲೇ ಬಣ್ಣ. ನೂರು ಪ್ರತಿ ಬೇಕಾದರೆ ಅದೇ ಎಲೆಗೆ ನೂರು ಸಲ ಹಸಿರು ಹಚ್ಚಬೇಕು. ಕಾಪಿ ಪೇಸ್ಟ್ ಇಲ್ಲ ಸ್ವಾಮಿ.

ಒಂದು ಚಿಕ್ಕ ಗುಟ್ಟು ಹೇಳ್ತೀನಿ. ಹಳೆಯ ಸಸ್ಯಚಿತ್ರಗಳಲ್ಲಿ ಕೆಲವೊಮ್ಮೆ ಎಲೆಗಳು ವಿಚಿತ್ರವಾಗಿ ನೀಲಿಯಾಗಿ ಕಾಣುತ್ತವೆ. ಅದು ಕಲಾವಿದನ ಕಲ್ಪನೆ ಅಲ್ಲ. ಹಳದಿ ಮತ್ತು ನೀಲಿ ಬೆರೆಸಿ ಹಸಿರು ಮಾಡಿರುತ್ತಿದ್ದರು. ಸಸ್ಯಗಳಿಂದ ತೆಗೆದ ಹಳದಿ ಬೆಳಕಿಗೆ ಮಾಸಿಹೋಗಿ ನೀಲಿ ಮಾತ್ರ ಉಳಿದುಬಿಡುತ್ತದೆ.

ಜೈಲಿನಲ್ಲಿ ಗಂಡ, ವಾರಕ್ಕೆ ನಾಲ್ಕು ಚಿತ್ರ

ಕಲಾವಿದ, ಕೆತ್ತನೆಗಾರ, ಬಣ್ಣಗಾರ. ಸಾಮಾನ್ಯವಾಗಿ ಇವು ಮೂರು ಬೇರೆ ಬೇರೆ ಜನರ ಕೆಲಸ. ಮೂರನ್ನೂ ಒಬ್ಬಳೇ ಮಾಡಿದವಳು ಎಲಿಜಬೆತ್ ಬ್ಲ್ಯಾಕ್‌ವೆಲ್.

ಆಕೆಯ ಗಂಡ ಅಲೆಕ್ಸಾಂಡರ್ ಲಂಡನ್ನಿನಲ್ಲಿ ಒಂದು ಪ್ರೆಸ್ ಶುರು ಮಾಡಿದ. ಆ ಕಾಲದಲ್ಲಿ ಮುದ್ರಣದ ಕಸುಬು ಮಾಡಬೇಕಾದರೆ ಇಂತಿಷ್ಟು ವರ್ಷ ಗುರುವಿನ ಕೈಕೆಳಗೆ ಕಲಿತಿರಬೇಕು ಅನ್ನುವ ಕಟ್ಟುಪಾಡು ಇತ್ತು. ಅವನು ಕಲಿತಿರಲಿಲ್ಲ. ದಂಡ ಬಿತ್ತು, ಸಾಲ ಏರಿತು, ಕೊನೆಗೆ ಸಾಲಗಾರರ ಜೈಲು ಸೇರಿದ. ಮನೆಯ ಭಾರ, ಸಾಲದ ಭಾರ ಎರಡೂ ಎಲಿಜಬೆತ್ ಹೆಗಲಿಗೆ ಬಂತು.

ಆಕೆಗೆ ಚಿತ್ರಕಲೆ ಗೊತ್ತಿತ್ತು. ಔಷಧಿ ಗಿಡಗಳ ಒಳ್ಳೆಯ ಸಚಿತ್ರ ಪುಸ್ತಕದ ಅಗತ್ಯ ಇದೆ ಅನ್ನೋದೂ ಗೊತ್ತಾಯಿತು. ಲಂಡನ್ನಿನ ಚೆಲ್ಸಿಯಲ್ಲಿ ಔಷಧ ವ್ಯಾಪಾರಿಗಳ ಸಂಘದ ತೋಟವಿತ್ತು, ಈಗಲೂ ಇದೆ. ಅದರ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿದಳು. ತೋಟದ ಉಸ್ತುವಾರಿಯಲ್ಲಿದ್ದ ಐಸಾಕ್ ರ‍್ಯಾಂಡ್ ಬೆಂಬಲ ಕೊಟ್ಟ. ಪ್ರಸಿದ್ಧ ವೈದ್ಯರಾದ ಹ್ಯಾನ್ಸ್ ಸ್ಲೋನ್ ಮತ್ತು ರಿಚರ್ಡ್ ಮೀಡ್ ಕೂಡ ನೆರವಿಗೆ ಬಂದರು. ದಿನಾ ತಾಜಾ ಗಿಡ ನೋಡಿ ಚಿತ್ರ ಬರೆಯೋದು, ತಾನೇ ತಾಮ್ರದ ಮೇಲೆ ಕೆತ್ತೋದು, ತಾನೇ ಬಣ್ಣ ತುಂಬೋದು. ಗಿಡದ ಹೆಸರುಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಗಂಡ ಜೈಲಿನಿಂದಲೇ ಒದಗಿಸಿದ ಅಂತ ಹೇಳುತ್ತಾರೆ. ವಿವರಣೆಯನ್ನು ಜೋಸೆಫ್ ಮಿಲ್ಲರ್ ಎಂಬಾತನ ಪುಸ್ತಕದಿಂದ ಅವನ ಒಪ್ಪಿಗೆ ಪಡೆದೇ ತೆಗೆದುಕೊಂಡಳು.

ಆಕೆಯ ಬಿಸಿನೆಸ್ ಮಾಡೆಲ್ ನೋಡಿ. ಪೂರ್ತಿ ಪುಸ್ತಕ ಮುಗಿಯುವವರೆಗೆ ಕಾದರೆ ಸಾಲಗಾರರು ಕಾಯುವುದಿಲ್ಲ. ಆದ್ದರಿಂದ 1737ರಲ್ಲಿ ವಾರದ ಕಂತು ಶುರು ಮಾಡಿದಳು. ವಾರಕ್ಕೆ ನಾಲ್ಕು ಚಿತ್ರ, ಜೊತೆಗೆ ವಿವರಣೆ. ಬಣ್ಣವಿಲ್ಲದ ಕಂತಿಗೆ ಒಂದು ಶಿಲ್ಲಿಂಗ್, ಬಣ್ಣದ್ದಕ್ಕೆ ಎರಡು. ಮೊದಲ ಚಿತ್ರ ಯಾವುದೋ ಅಪರೂಪದ ಹೂವಿನದಲ್ಲ, ಅಲ್ಲಿನ ಹಿತ್ತಲುಗಳಲ್ಲಿ ಕಳೆಯಂತೆ ಬೆಳೆಯುವ ಡ್ಯಾಂಡಿಲಿಯನ್‌ನದು. ಐನೂರು ಚಿತ್ರಕ್ಕೆ 125 ವಾರ, ಅಂದರೆ ಹೆಚ್ಚೂಕಡಿಮೆ ಎರಡೂವರೆ ವರ್ಷ. ಪ್ರತಿ ವಾರ ರಿಲೀಸ್. 1739ರ ಹೊತ್ತಿಗೆ 'ಎ ಕ್ಯೂರಿಯಸ್ ಹರ್ಬಲ್' ಎಂಬ ಆ ಪುಸ್ತಕದ ಎರಡೂ ಸಂಪುಟ ಮುಗಿದವು. ಎಹ್ರೆಟ್ ಒಂದು ವರ್ಷದಲ್ಲಿ ಮಾಡಿ ಪೂರ್ತಿ ಕೂಲಿ ಸಿಗದೆ ಹೋದದ್ದೂ ಐನೂರು ಚಿತ್ರಕ್ಕೇ. ಇವಳೂ ಐನೂರೇ ಮಾಡಿದಳು. ವ್ಯತ್ಯಾಸ ಏನು ಅಂದರೆ, ಇವಳ ಚಿತ್ರಗಳ ಯಜಮಾನಿ ಇವಳೇ. ಪುಟದ ಕೆಳಗೆ ಬರೆದವಳು, ಕೆತ್ತಿದವಳು, ಬಣ್ಣ ಹಾಕಿದವಳು ತಾನೇ ಎಂದು ಲ್ಯಾಟಿನ್‌ನಲ್ಲಿ ಚಿಕ್ಕದಾಗಿ ಕೆತ್ತಿಟ್ಟಳು.

ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ ಪುಸ್ತಕಕ್ಕೆ ಶಿಫಾರಸು ಕೊಟ್ಟಿತು. ಗಂಡ ಬಿಡುಗಡೆಯಾದ. ಆದರೆ ಕಥೆ ಸುಖಾಂತ್ಯ ಅಲ್ಲ. ಮುಂದೆ ಸ್ವೀಡನ್‌ಗೆ ಹೋದ ಅಲೆಕ್ಸಾಂಡರ್ ಅಲ್ಲಿ ರಾಜಕೀಯ ಪಿತೂರಿಯ ಆರೋಪಕ್ಕೆ ಸಿಲುಕಿ 1747ರಲ್ಲಿ ಮರಣದಂಡನೆಗೆ ಗುರಿಯಾದ. ಎಲಿಜಬೆತ್ ಲಂಡನ್ನಿನಲ್ಲೇ ಉಳಿದಳು. 1758ರಲ್ಲಿ ಚೆಲ್ಸಿಯಲ್ಲಿ ಆಕೆಯನ್ನು ಮಣ್ಣು ಮಾಡಿದರು.

ಒಳ್ಳೆ ಕ್ಲೈಂಟ್ ಅಂದರೆ ಹೇಗಿರ್ತಾನೆ

ಈಗ ಮತ್ತೆ ಎಹ್ರೆಟ್ ಹತ್ತಿರ ಹೋಗೋಣ. ವೈನ್‌ಮನ್ ಕೈಬಿಟ್ಟ ಮೇಲೆ ಅವನಿಗೆ ಸಿಕ್ಕಿದ್ದು ನ್ಯೂರೆಂಬರ್ಗ್‌ನ ವೈದ್ಯ ಕ್ರಿಸ್ಟೋಫ್ ಯಾಕೋಬ್ ಟ್ರೂ. ಹುಡುಗನ ಚಿತ್ರ ನೋಡಿದ ಟ್ರೂ, ದೊಡ್ಡ ಅಳತೆಯ ಒಳ್ಳೆ ಕಾಗದದ ಮೇಲೆ ಬರೆಯಲು ಹೇಳಿದ, ಬರೆದದ್ದಕ್ಕೆಲ್ಲ ಹಣ ಕೊಟ್ಟ. ಇಂತಿಷ್ಟು ದಿನದಲ್ಲಿ ಇಂತಿಷ್ಟು ಅನ್ನುವ ಒತ್ತಡ ಇಲ್ಲ. ಎಹ್ರೆಟ್ ದೇಶ ಬಿಟ್ಟು ದೇಶ ಅಲೆದರೂ ಚಿತ್ರಗಳು ಟ್ರೂ ಕಡೆಗೆ ಹೋಗುತ್ತಲೇ ಇದ್ದವು. ಈ ಸಂಬಂಧ ಟ್ರೂ ಸಾಯುವವರೆಗೆ, ಅಂದರೆ 1769ರವರೆಗೆ ನಡೆಯಿತು.

ಅಲೆದಾಟದ ಮಧ್ಯೆ ಹಾಲೆಂಡಿನ ಹಾರ್ಟೆಕಾಂಪ್ ಎಂಬ ತೋಟದ ಮನೆಗೆ ಹೋದ. ಅದರ ಯಜಮಾನ ಜಾರ್ಜ್ ಕ್ಲಿಫರ್ಡ್, ಶ್ರೀಮಂತ ಬ್ಯಾಂಕರ್. ಅವನ ಗಿಡಗಳಿಗೆ ಹೆಸರಿಟ್ಟು ಪಟ್ಟಿ ಮಾಡುತ್ತಿದ್ದವನು ಇನ್ನೂ ಮೂವತ್ತು ದಾಟದ ಕಾರ್ಲ್ ಲಿನಿಯಸ್. ಆ ತೋಟದಲ್ಲಿ ಬಾಳೆ ಹೂಬಿಟ್ಟದ್ದೇ ದೊಡ್ಡ ಸುದ್ದಿಯಾಗಿ, ಅದರ ಬಗ್ಗೆಯೇ ಲಿನಿಯಸ್ 1736ರಲ್ಲಿ ಒಂದು ಪುಸ್ತಕ ಬರೆದ. ನಮ್ಮ ಹಿತ್ತಲಿನ ಬಾಳೆಗೆ ಎಂಥ ರಾಜಮರ್ಯಾದೆ! ಕ್ಲಿಫರ್ಡ್ ತೋಟದ ಗಿಡಗಳ ಪುಸ್ತಕಕ್ಕೆ ಎಹ್ರೆಟ್ 20 ಚಿತ್ರ ಬರೆದುಕೊಟ್ಟ. ಆ ಪುಸ್ತಕ ಮಾರಾಟಕ್ಕಿರಲಿಲ್ಲ. ಕ್ಲಿಫರ್ಡ್ ತನಗೆ ಬೇಕಾದವರಿಗೆ ಉಡುಗೊರೆಯಾಗಿ ಕೊಡುತ್ತಿದ್ದ.

ಕೇಸರ, ಶಲಾಕೆಗಳ ಎಣಿಕೆಯ ಮೇಲೆ ಗಿಡಗಳನ್ನು ವಿಂಗಡಿಸುವ ಲಿನಿಯಸ್‌ನ ಪದ್ಧತಿಯನ್ನು ಎಹ್ರೆಟ್ ಒಂದೇ ಹಾಳೆಯಲ್ಲಿ ಇಪ್ಪತ್ತನಾಲ್ಕು ಪುಟ್ಟ ಚಿತ್ರಗಳಾಗಿ ಬರೆದು 1736ರಲ್ಲಿ ಲೈಡನ್‌ನಲ್ಲಿ ಅಚ್ಚು ಹಾಕಿಸಿದ. ಇವತ್ತಿನ ಭಾಷೆಯಲ್ಲಿ ಅದೊಂದು ಇನ್ಫೋಗ್ರಾಫಿಕ್. ಲಿನಿಯಸ್ ಅದನ್ನು ತನ್ನ ಪುಸ್ತಕದಲ್ಲಿ ಬಳಸಿಕೊಂಡ, ಎಹ್ರೆಟ್‌ನ ಹೆಸರು ಹಾಕಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ತನ್ನ ಆತ್ಮಕಥೆ ಬರೆಯುವಾಗಲೂ ಎಹ್ರೆಟ್‌ಗೆ ಆ ಬೇಸರ ಹೋಗಿರಲಿಲ್ಲ. ಇನ್ನೊಬ್ಬರ ಸ್ಲೈಡ್‌ನಲ್ಲಿ ತಾವು ಮಾಡಿದ ಡಯಾಗ್ರಾಂ ಕಂಡವರಿಗೆ ಈ ಸಂಕಟ ವಿವರಿಸಬೇಕಿಲ್ಲ.

ಗಿನಿ ಮತ್ತು ಶಿಲ್ಲಿಂಗ್

ಎಹ್ರೆಟ್ ಕೊನೆಗೆ ನೆಲೆ ನಿಂತದ್ದು ಲಂಡನ್ನಿನಲ್ಲಿ, ಅದೂ ಚೆಲ್ಸಿಯಲ್ಲಿ. 1738ರಲ್ಲಿ ಅಲ್ಲಿನ ತೋಟದ ಮುಖ್ಯ ಮಾಲಿ ಫಿಲಿಪ್ ಮಿಲ್ಲರ್‌ನ ನಾದಿನಿ ಸುಸಾನಾಳನ್ನು ಮದುವೆಯಾದ. ಅಂದರೆ ಎಲಿಜಬೆತ್ ವಾರದ ಕಂತಿಗೆ ಒದ್ದಾಡುತ್ತಿದ್ದ ಅದೇ ದಿನಗಳಲ್ಲಿ, ಅದೇ ತೋಟದ ಸುತ್ತಮುತ್ತ ಎಹ್ರೆಟ್ ಕೂಡ ಇದ್ದ.

ಅವನ ಶ್ರದ್ಧೆಯ ಬಗ್ಗೆ ಒಂದು ಪ್ರಸಂಗ ಇದೆ. ಅಮೆರಿಕದಿಂದ ಬಂದ ಮ್ಯಾಗ್ನೋಲಿಯಾ ಮರವೊಂದು ಪಾರ್ಸನ್ಸ್ ಗ್ರೀನ್‌ನ ಸರ್ ಚಾರ್ಲ್ಸ್ ವೇಜರ್ ಎಂಬವರ ತೋಟದಲ್ಲಿ ಮೊಗ್ಗು ಬಿಟ್ಟಿತ್ತು. ಎಹ್ರೆಟ್ ಚೆಲ್ಸಿಯಿಂದ ದಿನಾ ಅಲ್ಲಿಗೆ ನಡೆದುಕೊಂಡು ಹೋಗಿ, ಮೊಗ್ಗಿನಿಂದ ಪೂರ್ತಿ ಅರಳುವವರೆಗಿನ ಒಂದೊಂದು ಹಂತವನ್ನೂ ಬರೆದುಕೊಂಡ.

ಶ್ರೀಮಂತರು ಅವನ ಮನೆ ಬಾಗಿಲಿಗೆ ಬಂದರು. ಪೋರ್ಟ್‌ಲಂಡ್ ಡಚೆಸ್ ಮಾರ್ಗರೆಟ್ ಅವನಿಂದ ಚಿತ್ರ ಬರೆಸಿದಳು. ದೊಡ್ಡ ಮನೆತನದ ಹೆಣ್ಣುಮಕ್ಕಳು ಪಾಠಕ್ಕೆ ಬಂದರು. ಡಾಕ್ಟರ್ ಮೀಡ್ ಒಂದೊಂದು ಚಿತ್ರಕ್ಕೆ ಒಂದು ಗಿನಿಯಂತೆ ಕೊಟ್ಟು ಇನ್ನೂರು ಚಿತ್ರ ಕೊಂಡ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಗಿನಿ ಅಂದರೆ 21 ಶಿಲ್ಲಿಂಗ್. ಎಹ್ರೆಟ್‌ನ ಒಂದು ಮೂಲಚಿತ್ರದ ಬೆಲೆಯಲ್ಲಿ ಎಲಿಜಬೆತ್‌ಳ ಬಣ್ಣದ ಕಂತು ಹತ್ತು ವಾರದಷ್ಟು ಬರುತ್ತದೆ, ಅಂದರೆ 40 ಚಿತ್ರ. ಪೂರ್ತಿ ಐನೂರು ಚಿತ್ರದ ಬಣ್ಣದ ಪುಸ್ತಕಕ್ಕೆ 250 ಶಿಲ್ಲಿಂಗ್, ಎಹ್ರೆಟ್‌ನ ಹನ್ನೆರಡು ಚಿತ್ರಕ್ಕಿಂತ ಕಡಿಮೆ. ಒಬ್ಬ ಕೆಲವೇ ಶ್ರೀಮಂತರಿಗೆ ಒಂದೊಂದು ಚಿತ್ರ ಮಾರಿದ. ಇನ್ನೊಬ್ಬಳು ಹಲವರಿಗೆ ಅಗ್ಗದಲ್ಲಿ ಒಂದೇ ಚಿತ್ರವನ್ನು ಮತ್ತೆ ಮತ್ತೆ ಮಾರಿದಳು. ಡಾಕ್ಟರ್ ಮೀಡ್ ಇಬ್ಬರಿಗೂ ಬೆಂಬಲವಾಗಿದ್ದ ಅನ್ನೋದು ಕುತೂಹಲದ ಸಂಗತಿ.

ಮೂರನೇ ದಾರಿಯೂ ಇತ್ತು. ಕೆನ್ಸಿಂಗ್ಟನ್‌ನ ನರ್ಸರಿ ಮಾಲೀಕ ರಾಬರ್ಟ್ ಫರ್ಬರ್ 1730ರಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಹೂಗುಚ್ಛದ ಚಿತ್ರ ತಂದ. ಪೀಟರ್ ಕ್ಯಾಸ್ಟೀಲ್ಸ್ ಬರೆದ ಆ ಚಿತ್ರಗಳಲ್ಲಿ ನಾನೂರು ಬಗೆಯ ಹೂಗಳಿಗೆ ನಂಬರ್ ಹಾಕಿ ಕೆಳಗೆ ಹೆಸರು ಕೊಟ್ಟಿದ್ದ. ಎಲ್ಲವೂ ಅವನ ನರ್ಸರಿಯಲ್ಲಿ ಸಿಗುವ ಗಿಡಗಳೇ! ನೋಡಲು ಗೋಡೆಗೆ ಹಾಕುವ ಚಿತ್ರ, ಒಳಗೆ ಮಾರಾಟದ ಕ್ಯಾಟಲಾಗು. ಮುಂಗಡ ಕೊಟ್ಟ ಚಂದಾದಾರರ ಹೆಸರುಗಳನ್ನು ಅಂದವಾಗಿ ಅಚ್ಚು ಹಾಕಿಸಿ ಅದನ್ನೂ ಜೊತೆಗೆ ಕೊಟ್ಟ. ದೊಡ್ಡವರ ಸಾಲಿನಲ್ಲಿ ನಮ್ಮ ಹೆಸರೂ ಇರಲಿ ಅನ್ನುವ ಆಸೆ ಯಾರಿಗಿಲ್ಲ?

ಟ್ರೂ ಮಾಡಿದ ಎರಡು ಕೆಲಸ

ಎಹ್ರೆಟ್ ಕಳಿಸಿದ ಚಿತ್ರಗಳಿಂದ ನೂರನ್ನು ಆರಿಸಿ ಟ್ರೂ 1750ರಿಂದ 'ಪ್ಲಾಂಟೆ ಸೆಲೆಕ್ಟೆ' ಎಂಬ ಪುಸ್ತಕ ತರಲು ಶುರು ಮಾಡಿದ. ಕೆತ್ತಿದವನು ಆಗ್ಸ್‌ಬರ್ಗ್‌ನ ಯೋಹಾನ್ ಯಾಕೋಬ್ ಹೈಡ್. ಈ ಪುಸ್ತಕದಲ್ಲಿ ಹಣ ಹಾಕಿದ ಟ್ರೂನ ಭಾವಚಿತ್ರ ಇದೆ, ಅದು ಸಹಜ. ಜೊತೆಗೆ ಚಿತ್ರ ಬರೆದ ಎಹ್ರೆಟ್‌ನ ಭಾವಚಿತ್ರ ಇದೆ, ಕೆತ್ತಿದ ಹೈಡ್‌ನದೂ ಇದೆ. ಮೂವರಿಗೂ ಒಂದೇ ಮರ್ಯಾದೆ. 1773ರಲ್ಲಿ ಪುಸ್ತಕ ಮುಗಿಯುವ ಹೊತ್ತಿಗೆ ಟ್ರೂ ಮತ್ತು ಎಹ್ರೆಟ್ ಇಬ್ಬರೂ ಇರಲಿಲ್ಲ.

ಟ್ರೂ ಮಾಡಿದ ಇನ್ನೊಂದು ಕೆಲಸ, ಎಲಿಜಬೆತ್‌ಳ ಪುಸ್ತಕವನ್ನು ಜರ್ಮನ್ ಮತ್ತು ಲ್ಯಾಟಿನ್ ವಿವರಣೆಯೊಂದಿಗೆ ನ್ಯೂರೆಂಬರ್ಗ್‌ನಲ್ಲಿ ಮತ್ತೆ ತಂದದ್ದು. ಚಿತ್ರಗಳನ್ನು ಹೊಸದಾಗಿ ಬರೆಸಿದ, ತಿದ್ದಿಸಿದ, ಸುಮಾರು ನೂರು ಚಿತ್ರ ಸೇರಿಸಿದ. ಇಷ್ಟೆಲ್ಲ ಆದ ಮೇಲೆ ತನ್ನ ಹೆಸರನ್ನೇ ಇಟ್ಟುಕೊಂಡಿದ್ದರೂ ಕೇಳುವವರಿರಲಿಲ್ಲ. ಆದರೆ ಪುಸ್ತಕದ ಹೆಸರು 'ಹರ್ಬೇರಿಯಂ ಬ್ಲ್ಯಾಕ್‌ವೆಲಿಯಾನಂ'. ಬ್ಲ್ಯಾಕ್‌ವೆಲ್‌ಳ ಹೆಸರು ಶೀರ್ಷಿಕೆಯಲ್ಲೇ ಉಳಿಯಿತು.

ನಮ್ಮ ಕಡೆಯ ಗಿಡ, ನಮ್ಮ ಕಡೆಯ ಕೈ

ಇದೆಲ್ಲ ದೂರದ ಕಥೆ ಅನ್ನಿಸಬಹುದು. ಪೂರ್ತಿ ದೂರದ್ದಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಸಂಪುಟಗಳಲ್ಲಿ ಬಂದ 'ಹಾರ್ಟಸ್ ಮಲಬಾರಿಕಸ್' ನಮ್ಮ ಪಶ್ಚಿಮ ಕರಾವಳಿಯ ಗಿಡಗಳ ಪುಸ್ತಕ. ಮಾಡಿಸಿದವನು ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ಫಾನ್ ರೇಡ್. ಗಿಡಗಳ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ವೈದ್ಯ ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಅವರ ಹೆಸರು, ಅವರ ಲಿಪಿಯಲ್ಲೇ ಬರೆದ ಪ್ರಮಾಣಪತ್ರ ಪುಸ್ತಕದಲ್ಲಿದೆ.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಸ್ಕಾಟ್‌ಲಂಡಿನ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಒಬ್ಬ ಮರಾಠಿ ಕಲಾವಿದನಿಂದ ಮಲೆನಾಡಿನ ಗಿಡಗಳ ಜಲವರ್ಣ ಚಿತ್ರಗಳನ್ನು ಬರೆಸಿದ. ಚಿತ್ರಗಳು ಇವತ್ತಿಗೂ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಬರೆಸಿದವನ ಹೆಸರು ದಾಖಲೆಯಲ್ಲಿದೆ. ಬರೆದವನ ಹೆಸರು ಇಲ್ಲ. 'ಮರಾಠಿ ಕಲಾವಿದ' ಅಷ್ಟೇ.

ಒಂದು ಹೆಸರು ಬರೆದಿಡಲು ಎಷ್ಟು ಹೊತ್ತು ಬೇಕು? ಎಲಿಜಬೆತ್ ಸಾಲದ ಒತ್ತಡದ ನಡುವೆಯೂ ಪ್ರತಿ ತಗಡಿನ ಮೇಲೆ ಆ ಒಂದು ಸಾಲು ಕೆತ್ತಿದಳಲ್ಲ, ಅದರ ಬೆಲೆ ನನಗೆ ಅರ್ಥವಾದದ್ದು ಈ ಶಿವಮೊಗ್ಗದ ಚಿತ್ರಗಳ ವಿಷಯ ಓದಿದಾಗ. ಡಿಸೈನರ್ ಹತ್ತಿರ ಐಕಾನ್ ಮಾಡಿಸಿಕೊಳ್ತೀವಿ, ಮದುವೆ ಕಾರ್ಡಿಗೆ ಯಾರೋ ಹುಡುಗಿಯ ಹತ್ತಿರ ಚಿತ್ರ ಬರೆಸಿಕೊಳ್ತೀವಿ. ಹಣ ಸರಿಯಾಗಿ ಕೊಡೋದು ಒಂದು, ಹೆಸರು ಹಾಕೋದು ಇನ್ನೊಂದು. ಎರಡನೆಯದಕ್ಕೆ ಪೈಸೆ ಖರ್ಚಿಲ್ಲ, ಆದರೂ ಮೊದಲು ಮರೆಯುವುದು ಅದನ್ನೇ.

ಸಸ್ಯಶಾಸ್ತ್ರಜ್ಞರು ಗಿಡಗಳಿಗೆ ಜನರ ಹೆಸರಿಟ್ಟು ಈ ಋಣ ತೀರಿಸಲು ನೋಡಿದ್ದಾರೆ. ಹಾರ್ಟಸ್ ಮಲಬಾರಿಕಸ್‌ನಲ್ಲಿ ಚಿತ್ರವಿರುವ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಒಂದು ಮರಕ್ಕೆ ಲಿನಿಯಸ್ ಟ್ರೂ ಹೆಸರಿನಲ್ಲಿ 'ಟ್ರೆವಿಯಾ' ಎಂದು ಕರೆದ. 2007ರಲ್ಲಿ ಅದನ್ನು ಬೇರೊಂದು ಕುಲಕ್ಕೆ ಸೇರಿಸಿದರು, ಈಗದು 'ಮ್ಯಾಲೋಟಸ್'. ಎಲಿಜಬೆತ್ ಹೆಸರಿನ 'ಬ್ಲ್ಯಾಕ್‌ವೆಲಿಯಾ' ಕೂಡ ಇನ್ನೊಂದರಲ್ಲಿ ಕರಗಿಹೋಯಿತು. ಮಾಲಿಯ ಮಗನ ಹೆಸರಿನ 'ಎಹ್ರೆಷಿಯಾ' ಮಾತ್ರ ಉಳಿದಿದೆ. ಕರ್ನಾಟಕದ ಒಣಕಾಡುಗಳಲ್ಲಿ ಎಹ್ರೆಷಿಯಾ ಲೇವಿಸ್ ಎಂಬ ಮರ ಈಗಲೂ ಸಣ್ಣ ಬಿಳಿ ಹೂ ಬಿಡುತ್ತದೆ.

'ಎ ಕ್ಯೂರಿಯಸ್ ಹರ್ಬಲ್' ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತದೆ. ಮೆಟ್ರೋದಲ್ಲಿ ಕೂತಾಗ ರೀಲ್ಸ್ ಬದಲು ಒಂದೆರಡು ಪುಟ ತೆರೆದು ನೋಡಿ. ಚಿತ್ರವನ್ನು ಝೂಮ್ ಮಾಡಿ, ಕೆಳಗಿನ ಆ ಚಿಕ್ಕ ಸಾಲು ಕಾಣುತ್ತದಾ ಹುಡುಕಿ.